ಒಡೆಯದ ಗಾಜು

ಗಾಜು ಬಿಸಿಲಿಗೆ ಮಿನುಗುತ್ತಿದೆ, ಇಡಿಯಾಗಿದೆ, ಬಿರುಕಿಗೆ ಅಡ್ಡಲಾಗಿ ತಿಂಗಳ ಹಿಂದೆ ನಾನೇ ಎರಡೂ ತುದಿಗೆ ಗಾರೆ ಮೆತ್ತಿ ಅಂಟಿಸಿದ ತೆಳು ಪಟ್ಟಿ, ಗೋಡೆ ಕದಲಿದ್ದರೆ ಇಷ್ಟು ಹೊತ್ತಿಗೆ ಚಿಟ್ಟೆಂದು ಸೀಳಿರಬೇಕಿತ್ತು, ಸೀಳಿಲ್ಲ, ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯುತ್ತಿದೆ, ಗೋಡೆಯ ಆಚೆ ಮಗ್ಗಿ ಒಪ್ಪಿಸುತ್ತಿದ್ದಾರೆ, ಅಷ್ಟೂ ದನಿಗಳಲ್ಲಿ ಪುಟ್ಟಿಯದು ಯಾವುದು, ಹಲ್ಲು ಬಿದ್ದ ಸಂದಿಯಿಂದ ಗಾಳಿ ಬೆರೆತು ಬರುವುದು, ಬೆಳಿಗ್ಗೆ ಜಡೆ ಹಾಕುವಾಗ ಕೇಳಿದಳು, ಅಮ್ಮಾ, ಇವತ್ತು ನಮ್ಮ ಕ್ಲಾಸಿನ ಗೋಡೆಗೆ ಪರೀಕ್ಷೆ ಅಂತೆ, ಪಾಸಾಗತ್ತಾ, ನಕ್ಕುಬಿಟ್ಟೆ, ನಗಬಾರದಿತ್ತು — ಹೆಡ್‌ಮೇಡಂ ಪಕ್ಕದಲ್ಲೇ ನಿಂತಿದ್ದಾರೆ, ಕಟ್ಟಡ ಸುರಕ್ಷಿತ ಅಂತ ಒಂದು ಸಾಲು ಬರೆದುಕೊಡಿ ಎಂಜಿನಿಯರ್ ಮೇಡಂ, ಸೈನ್ಸ್ ಓದಿದೋರು ನೀವು, ಸಾಬೀತಾಯ್ತು ಅನ್ನೋಕೆ ಯಾಕೆ ಇಷ್ಟು ಮೀನಮೇಷ. ಹೇಗೆ ಹೇಳಲಿ ಇವರಿಗೆ, ಅಡಿಪಾಯದ ಮಣ್ಣು ಕುಸಿಯುವುದು ನಿಂತಿದೆ ಎನ್ನುವುದು ನನ್ನ ಸಿದ್ಧಾಂತ, ಬಾಯಿಗೆ ಬಂದ ಊಹೆಯಲ್ಲ, ಮಣ್ಣು ತೆಗೆಸಿ ನೋಡಿದ್ದೇನೆ, ಲೆಕ್ಕ ಹಾಕಿದ್ದೇನೆ, ಅದು ಸುಳ್ಳಾದರೆ ಏನಾಗಬೇಕೆಂದೂ ಮೊದಲೇ ಹೇಳಿದ್ದೇನೆ, ಗಾಜು ಒಡೆಯಬೇಕು, ಒಡೆದರೆ ಸಿದ್ಧಾಂತ ಸತ್ತಂತೆ, ಒಡೆಯದಿದ್ದರೆ — ಒಡೆಯದಿದ್ದರೆ ಇನ್ನೂ ಬದುಕಿದೆ, ಅಷ್ಟೆ, ಸಾಬೀತು ಎನ್ನುವ ದಿನ ಬರುವುದೇ ಇಲ್ಲ, ಅಣ್ಣ ಛೇಡಿಸುತ್ತಾನಲ್ಲ, ನಿಮ್ಮ ಸಿದ್ಧಾಂತ ಹೊಸ ಅಳಿಯನ ಹಾಗೆ ಕಣೇ, ಸಿಕ್ಕಿಬೀಳೋವರೆಗೂ ಚಿನ್ನದಂಥೋನು, ಇರಲಿ, ನಾವು ದಾಟಿದ ಯಾವ ಸೇತುವೆಗೆ ಇದಕ್ಕಿಂತ ಹೆಚ್ಚಿನ ಖಾತ್ರಿ ಇತ್ತು, ಇಲ್ಲಿಯವರೆಗಿನ ಪರೀಕ್ಷೆಯಂತೆ ಎಂದು ಸೇರಿಸಿ ಬರೆಯಬಹುದು, ಬರೆಯುತ್ತೇನೆ —

ಆದರೆ ಗಾರೆ ಎಲ್ಲಿ, ಪಟ್ಟಿಯ ತುದಿಯಲ್ಲಿ ಗಾರೆ ಇಲ್ಲ, ಅಂಟಂಟಾದ ಏನೋ ಇದೆ, ಅದಾ, ಎನ್ನುತ್ತಾರೆ ಹೆಡ್‌ಮೇಡಂ, ಹೋದ ವಾರ ಬಣ್ಣದೋನು ಬಂದಿದ್ದ, ಗಾಜು ತೆಗೆದಿಟ್ಟು, ಬಿರುಕು ಮುಚ್ಚಿ ಬಣ್ಣ ಹೊಡೆದು, ಮತ್ತೆ ಅಲ್ಲೇ ಗೋಂದು ಹಾಕಿ ಅಂಟಿಸಿದ, ಪಾಪ, ಬಲು ಜೋಪಾನ, ಒಂದು ಚೂರೂ ಮುಕ್ಕಾಗಲಿಲ್ಲ. ಬಿರುಕು ಮುಚ್ಚಿ. ಮುಚ್ಚಿದ್ದರೆ ಇದು ಯಾವುದು, ಈ ಹೊಸ ಬಣ್ಣವನ್ನೇ ಸೀಳಿಕೊಂಡು ಗಾಜಿನಡಿ ಹಾದುಹೋಗಿರುವುದು, ನನ್ನ ಉಗುರು ಒಳಗೆ ಹೋಗುತ್ತಿದೆ, ಒಂದು ವಾರಕ್ಕೆ ಇಷ್ಟು, ಗೋಡೆ ನಡೆಯುತ್ತಿದೆ, ಮೆತ್ತನೆಯ ಗೋಂದು ಅದರ ಜೊತೆಗೇ ಹಿಗ್ಗಿದೆ, ಗಾಜಿಗೆ ಎಳೆತ ತಾಗಿಯೇ ಇಲ್ಲ, ಒಡೆಯಲಾರದ ಗಾಜನ್ನು ನೋಡುತ್ತ ನಾನು ಧೈರ್ಯ ತಂದುಕೊಳ್ಳುತ್ತಿದ್ದೆ, ಮಗ್ಗಿ ನಿಂತಿಲ್ಲ, ಅಲ್ಲಿದೆ ಆ ಗಾಳಿ ಬೆರೆತ ದನಿ, ಗೋಡೆಗೆ ಒರಗಿ ಕೂತಿದ್ದಾಳೆ, ಇಷ್ಟು ಹತ್ತಿರ, ಮಕ್ಕಳನ್ನ ಹೊರಗೆ ಕಳಿಸಿ, ಈಗಲೇ, ಮೆಲ್ಲಗೆ, ಓಡಿಸಬೇಡಿ, ಇದು ನನ್ನದೇ ದನಿಯೇ, ಯಾಕ್ರೀ, ಗಾಜು ಒಡೆದೇ ಇಲ್ವಲ್ಲ ಎನ್ನುತ್ತಾರೆ ಹೆಡ್‌ಮೇಡಂ, ಬೆರಳು ತಾಗಿದ್ದಕ್ಕೇ ಅದು ಸರಿದು ಅಂಗೈಗೆ ಬೀಳುತ್ತದೆ, ಗಾಜು, ತಣ್ಣಗೆ, ಹೊಳೆಯುತ್ತ, ಎಲ್ಲೂ ಒಂದು ಗೆರೆಯಿಲ್ಲದೆ