ನಾಟಿಯ ದಿನಗಳ ಹಾಜರಿ

ಭತ್ತದ ನಾಟಿ ಶುರುವಾದರೆ ಕಾಲುವೆ ಸೀಮೆಯ ಹೆಣ್ಣುಮಕ್ಕಳು ಶಾಲೆ ಬಿಟ್ಟು ಗದ್ದೆಗಿಳಿಯುತ್ತಾರೆ, ಆದ್ದರಿಂದ ಶಾಲೆಯ ರಜೆಯನ್ನೇ ನಾಟಿಯ ದಿನಗಳಿಗೆ ಹೊಂದಿಸಬೇಕು. ಇಷ್ಟನ್ನು ಹೇಳಲು ವಿಶ್ವವಿದ್ಯಾಲಯದ ಪ್ರೊಫೆಸರರು ಉದ್ದನೆಯ ಸಂಶೋಧನೆ ಮಾಡಿ, ಪತ್ರಕರ್ತರಿಗೆಂದೇ ಅದರ ಸಾರಾಂಶ ಕಳಿಸಿದ್ದರು. ಸಿಂಧನೂರಿನ ವರದಿಗಾರ್ತಿ ಶಾಹೀಸ್ತಾ ಅದನ್ನು ಓದಿ, ಇಂಥ ಒಳ್ಳೆಯ ಮಾತನ್ನು ಇಷ್ಟು ಸಪ್ಪಗೆ ಹೇಳಿದರೆ ಯಾವ ಪುಣ್ಯಾತ್ಮ ಓದುತ್ತಾನೆ ಎಂದು ಗೊಣಗಿದಳು. ಉಪ್ಪು ಖಾರ ಹಾಕಲು ತಾನಿದ್ದೇನಲ್ಲ ಎಂದುಕೊಂಡು ಜವಳಗೇರಾ ಬಸ್ಸು ಹತ್ತಿದಳು.

ಅಲ್ಲಿಂದ ಆಚೆಗಿನ ಒಂದು ಹಳ್ಳಿಯಲ್ಲಿ ಅವಳ ದೊಡ್ಡಮ್ಮನ ಮಗಳು ಮೈಮುನಾಬಿ ಇದ್ದಳು. ಗಂಡ ಸತ್ತ ಮೇಲೆ ನಾಟಿ ಗುಂಪಿನಲ್ಲಿ ದುಡಿದು ಮಗಳು ಮಾಹಿರಾಳನ್ನು ಏಳನೇ ತರಗತಿಯವರೆಗೆ ತಂದಿದ್ದಳು. ನಾಟಿಯ ದಿನಗಳಲ್ಲಿ ಮಾಹಿರಾ ಮುಂಜಾನೆ ತಾಯಿಯ ಜತೆ ಸಸಿ ಹಚ್ಚುವುದು, ಬಿಸಿಯೂಟದ ಹೊತ್ತಿಗೆ ಕಾಲು ತೊಳೆದುಕೊಂಡು ಶಾಲೆಗೆ ಓಡುವುದು. ಗುಂಪಿನ ಮೇಸ್ತ್ರಿ ಆ ಹೊತ್ತಿಗೆ ಹುಡುಗಿಯನ್ನು ಬಿಡುತ್ತಿದ್ದ. ಅಮರಗುಂಡಪ್ಪ ಮಾಸ್ತರರು ಕಂಡೂ ಕಾಣದಂತೆ ಇಡೀ ದಿನದ ಹಾಜರಿ ಹಾಕುತ್ತಿದ್ದರು. ಯಾರೂ ಬಾಯಿಬಿಟ್ಟು ಆಡದ ಒಪ್ಪಂದ ಅದು. ಆಡದೇ ಇದ್ದದ್ದಕ್ಕೇ ನಡೆದುಕೊಂಡು ಬಂದಿತ್ತು.

"ಪೇಪರಿನ್ಯಾಗ ನಮ್ಮ ಮಾಹಿರಾನ ಫೋಟೋ ಬರ್ತೈತೇನು?" ಎಂದು ಮೈಮುನಾಬಿ ಹಿಗ್ಗಿ ಹೀರೇಕಾಯಿಯಾದಳು. ಆ ಊರಿನವರ ಫೋಟೋ ಪೇಪರಿನಲ್ಲಿ ಬರುವುದು ಒಂದೋ ಸತ್ತಾಗ, ಇಲ್ಲವೇ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದಾಗ. ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚಿ, ರಂಜಾನಿಗೆ ಹೊಲಿಸಿದ್ದ ಡ್ರೆಸ್ಸು ತೊಡಿಸಿ ಕೆಸರಿಗೆ ಇಳಿಸಿದಳು. ಶಾಹೀಸ್ತಾಳಿಗೆ ನಗು ತಡೆಯಲಾಗಲಿಲ್ಲ. ಹುಡುಗಿಯ ಹೆಸರು, ಊರು, ಮೇಸ್ತ್ರಿಯ ಒಳ್ಳೆಯತನ, ಮಾಸ್ತರರ ದೊಡ್ಡ ಮನಸ್ಸು, ಏನನ್ನೂ ಬಿಡದೆ ಬರೆದಳು. ಒಳ್ಳೆಯವರನ್ನು ಮುಚ್ಚಿಡುವುದು ಪಾಪ ಎಂದುಕೊಂಡಿದ್ದಳು, ಹುಚ್ಚಿ.

ವರದಿ ಮುಖಪುಟದಲ್ಲೇ ಬಂತು. ಅದರ ಬೆನ್ನಿಗೇ ಲಿಂಗಸುಗೂರಿನಿಂದ ಅಧಿಕಾರಿಗಳ ಜೀಪು ಬಂತು. ರಜೆ ಬದಲಿಸಬೇಕೆಂಬ ಮಾತನ್ನು ಯಾರೂ ಓದಿರಲಿಲ್ಲ, ಫೋಟೋವನ್ನು ಎಲ್ಲರೂ ನೋಡಿದ್ದರು. ಮಕ್ಕಳನ್ನು ದುಡಿಸಿದರೆ ಕೇಸು ಎಂದದ್ದೇ ತಡ, ಮೇಸ್ತ್ರಿ ತಾಯಿ ಮಗಳಿಬ್ಬರನ್ನೂ ಗುಂಪಿನಿಂದ ತೆಗೆದ. ಸುತ್ತಲಿನ ಯಾವ ಗುಂಪೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಸುಳ್ಳು ಹಾಜರಿ ಹಾಕಿದ್ದಕ್ಕೆ ಅಮರಗುಂಡಪ್ಪನವರಿಗೆ ನೋಟಿಸು.

"ತಂಗೀ, ನೀ ನನ್ನ ಹೊಗಳಿ ಬರದಿ. ಅದೇ ಅವ್ರಿಗೆ ಸಾಕ್ಷಿ ಆತು" ಎಂದರು ಅವರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶಾಹೀಸ್ತಾ ಲಿಂಗಸುಗೂರಿಗೆ ಹೋಗಿ ಅಧಿಕಾರಿಯ ಮುಂದೆ ಕೂತಳು. ಆತ ಚಹಾ ತರಿಸಿದ. "ನೀವೇ ಬರದೀರಿ, ಈಗ ನೀವೇ ಬ್ಯಾಡ ಅಂತೀರಿ. ನಾವೇನ್ ಮಾಡ್ಬೇಕ್ರೀ ಮೇಡಂ?" ಎಂದ. ಅವಳು ಹೊರಗೆ ಬಂದು ಪ್ರೊಫೆಸರರಿಗೆ ಫೋನು ಮಾಡಿದಳು. "ಅದಕ್ಕೇ ನಾವು ಯಾರ ಗುರುತನ್ನೂ ಕೊಡೋದಿಲ್ಲಮ್ಮ" ಎಂದರು ಅವರು ಮೆತ್ತಗೆ. ರಜೆಯ ವಿಚಾರಕ್ಕೆ ಸಮಿತಿ ಆಗಬಹುದು ಎಂದೂ ಹೇಳಿದರು. ಆ ಸಮಿತಿ ಕೂತು ಏಳುವಷ್ಟರಲ್ಲಿ ಮಾಹಿರಾಳಿಗೆ ಮದುವೆಯಾಗಿ ಮಕ್ಕಳಾಗಿರುತ್ತವೆ ಎಂದು ಶಾಹೀಸ್ತಾಳಿಗೆ ಅನ್ನಿಸಿತು.

ಮೈಮುನಾಬಿ ಮಸ್ಕಿ ಕಡೆ ಹತ್ತಿ ಬಿಡಿಸಲು ಹೊರಟಳು. ಹೊಲದಲ್ಲೇ ಗುಡಿಸಲು, ಹತ್ತಿರದಲ್ಲಿ ಶಾಲೆ ಇಲ್ಲ. ಶಾಹೀಸ್ತಾ ಸುದ್ದಿ ತಿಳಿದು ಓಡಿಬಂದಾಗ ಟ್ರ್ಯಾಕ್ಟರಿನಲ್ಲಿ ಪಾತ್ರೆ, ಹಾಸಿಗೆ ಏರಿದ್ದವು. ಮಾಹಿರಾ ಕೆಳಗೆ ನಿಂತು ಒಮ್ಮೆ ತಾಯಿಯ ಮುಖ, ಒಮ್ಮೆ ಇವಳ ಮುಖ ನೋಡುತ್ತಿದ್ದಳು.

"ಆಪಾ, ಈಕೀನ ನನ್ನ ಹತ್ರ ಬಿಡು. ಸಿಂಧನೂರಾಗ ಸಾಲಿಗೆ ಹಾಕ್ತೀನಿ. ನನ್ನ ಮಗಳಂಗ ನೋಡ್ಕೋತೀನಿ" ಎಂದು ಶಾಹೀಸ್ತಾ ಅಕ್ಕನ ಕೈ ಹಿಡಿದುಕೊಂಡಳು.

ಮೈಮುನಾಬಿ ಕೈ ಬಿಡಿಸಿಕೊಳ್ಳಲಿಲ್ಲ. ಹೇಳಿದಳು: "ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ನೀ ಚಲೋದಕ್ಕ ಮಾಡೀದಿ, ಗೊತ್ತೈತಿ. ಆದ್ರ ನಿನ್ನ ಹತ್ರ ಬಿಡಾಕ ನನಗ ಧೈರ್ಯ ಆಗವಲ್ದು."

ಮಾಹಿರಾ ಟ್ರ್ಯಾಕ್ಟರು ಹತ್ತಿ ಹಾಸಿಗೆಯ ಮೇಲೆ ಕೂತಳು. ಶಾಹೀಸ್ತಾ ಗಾಡಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.