ಇಸ್ತ್ರಿ ಮೇಜಿನ ಕೆಳಗೆ

ಹೊಸ ಮನೆಗೆ ಸಾಮಾನು ಬಂದ ದಿನ ಟೈಲರಮ್ಮ ಬಾಗಿಲಿಗೆ ಅಡ್ಡಲಾಗಿ ನಿಂತುಬಿಟ್ಟಳು. ಮೂಗು ಬಾಯಿಗೆ ಮಾಸ್ಕು, ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ಸೋಪಿನ ನೀರಿಗೆ ಅದ್ದಿ ಹಿಂಡಿದ ಬಟ್ಟೆ.

"ನನ್ನ ಕೈ ದಾಟದೆ ಒಂದು ಚಮಚಾನೂ ಒಳಗೆ ಬರೋ ಹಾಗಿಲ್ಲ," ಎಂದು ಸಾರಿದಳು.

ಪಾತ್ರೆಗಳ ಬುಟ್ಟಿ ಹೊತ್ತು ಮಹಡಿ ಹತ್ತಿ ಬಂದ ಆಳು ಮೆಟ್ಟಿಲ ಮೇಲೆಯೇ ನಿಂತ. "ಅಮ್ಮಾ, ನಮ್ಮನ್ನೂ ಒರೆಸಿ ಒಳಗೆ ಬಿಡ್ತೀರಾ?"

"ನೀವು ಕಾಲು ಒರೆಸ್ಕೊಂಡ್ರೆ ಸಾಕಪ್ಪ. ಬುಟ್ಟಿ ಮಾತ್ರ ಅಲ್ಲೇ ಇಡಿ."

ಅವಳ ಅತ್ತೆ ಮಾತ್ರ ಯಾರನ್ನೂ ಕೇಳದೆ ಒಳಗೆ ನಡೆದರು. ಅಕ್ಕಿಯ ದೊಡ್ಡ ಸ್ಟೀಲ್ ಡಬ್ಬವನ್ನು ಕೂಸಿನ ಹಾಗೆ ತಬ್ಬಿಕೊಂಡಿದ್ದರು. "ಇದರಲ್ಲಿರೋದು ಅಕ್ಕಿ. ಅಕ್ಕಿಗೂ ಸೋಪು ಹಚ್ಚಬೇಕಾ?" ಎಂದರು. ಟೈಲರಮ್ಮ ಡಬ್ಬದ ಹೊರಮೈಯನ್ನು ಒರೆಸಿ ದಾರಿ ಬಿಟ್ಟಳು.

ಇಷ್ಟೆಲ್ಲ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಹಿಂದಿನ ಬಾಡಿಗೆ ಮನೆ ನೆಲಮಾಳಿಗೆಗಿಂತ ಒಂದು ಗೇಣು ಮೇಲಿತ್ತು, ಅಷ್ಟೇ. ಅಲ್ಲಿ ಮಗಳಿಗೆ ಕೆಮ್ಮು ಹತ್ತಿ, ಕೆಮ್ಮು ಉಬ್ಬಸವಾಗಿ, ಉಸಿರು ಎಳೆದಾಗಲೆಲ್ಲ ಎದೆಯೊಳಗಿಂದ ಸುಂಯ್ ಎಂದು ಸದ್ದು ಬರತೊಡಗಿತ್ತು. ಲಿಫ್ಟ್ ರಿಪೇರಿ ಮಾಡುವ ಅವಳಪ್ಪ, ಅಳುವ ಮಗುವನ್ನು ನಗಿಸಲೆಂದು, "ನನ್ನ ಮಗಳ ಎದೇಲಿ ಪಿಟೀಲಿದೆ" ಎಂದಿದ್ದ. ಅಂದಿನಿಂದ ಅವಳ ಹೆಸರೇ ಪಿಟೀಲು ಎಂದಾಯಿತು. ಐಸ್‌ಕ್ರೀಮನ್ನು ಬೈದರು, ರಸ್ತೆಯ ಧೂಳನ್ನು ಬೈದರು, ಪಕ್ಕದ ಮನೆಯ ಬೆಕ್ಕನ್ನಂತೂ ಕಂಡ ಕಂಡಲ್ಲಿ ಓಡಿಸಿದರು. ಒಂದು ದಿನ ಬೀರುವಿನ ಹಿಂದೆ ಬಿದ್ದ ಕತ್ತರಿ ತೆಗೆಯಲೆಂದು ಬೀರು ಎಳೆದರೆ ಗೋಡೆಯೇ ಕಾಣಲಿಲ್ಲ. ಒಳಗೆ ಒಡೆದ ನೀರಿನ ಪೈಪಿನ ಉದ್ದಕ್ಕೂ ಕಪ್ಪು ಬೂಷ್ಟು, ಕಂಬಳಿ ಹೊದಿಸಿದ ಹಾಗೆ.

ಮಕ್ಕಳ ಡಾಕ್ಟರು ಸುತ್ತುಬಳಸಿ ಮಾತಾಡುವವರಲ್ಲ. "ಮೊದಲು ಮನೆ ಬಿಡಿ. ಇನ್ಹೇಲರು ತಪ್ಪಿಸಬೇಡಿ, ನಾನು ಹೇಳೋವರೆಗೂ ನಿಲ್ಲಿಸಬೇಡಿ. ಗಾಜು, ಸ್ಟೀಲು, ಪ್ಲಾಸ್ಟಿಕ್ಕು ತೊಳೆದು ಒಣಗಿಸಿ ತಗೊಂಡು ಹೋಗಿ. ಬಟ್ಟೆ ಬಿಸಿನೀರಲ್ಲಿ ಒಗೀರಿ, ಬಿಸಿಲಿಗೆ ಹಾಕಿ. ಹೊಟ್ಟೆ ಇರೋ ಸಾಮಾನು ಮಾತ್ರ ಬೇಡ."

"ಹೊಟ್ಟೆ ಅಂದ್ರೆ?"

"ಹಾಸಿಗೆ, ದಿಂಬು, ಬಟ್ಟೆ ಗೊಂಬೆ. ಮೈ ತೊಳೀಬಹುದಮ್ಮ, ಹೊಟ್ಟೆ ತೊಳೆಯೋಕಾಗಲ್ಲ."

ಪಿಟೀಲು ಆ ಮಾತನ್ನು ಕೇಳಿಸಿಕೊಂಡಿದ್ದಳು. ಮನೆಗೆ ಬಂದವಳೇ ತನ್ನ ಬಟ್ಟೆಯ ಆನೆಯ ಹೊಟ್ಟೆಯನ್ನು ಒಂದು ಸಲ ಒತ್ತಿ ನೋಡಿ, ಕಸದ ಚೀಲದ ಪಕ್ಕದಲ್ಲಿ ತಂದು ಕೂರಿಸಿದಳು. ಅಳಲಿಲ್ಲ.

ಹೊಸ ಮನೆಯ ಮುಂಬಾಗಿಲಲ್ಲಿ ಈ ತಪಾಸಣೆ ನಡೆಯುತ್ತಿದ್ದಾಗ ಹಿಂದಿನ ಅಗಲದ ಮೆಟ್ಟಿಲಿನಿಂದ ಹೊಲಿಗೆಯ ಮೆಷಿನ್ನನ್ನೂ ಇಸ್ತ್ರಿ ಮೇಜನ್ನೂ ಹತ್ತಿಸಿದರು. "ಹುಷಾರು, ಮೆಷಿನ್ ವಾಲಿಸಬೇಡಿ!" ಎಂದು ಟೈಲರಮ್ಮ ಇದ್ದಲ್ಲಿಂದಲೇ ಕೂಗಿದಳು. ಅವು ಮನೆಯ ಸಾಮಾನೆಂದು ಅವಳಿಗೆ ಹೊಳೆಯಲೇ ಇಲ್ಲ. ಕೈಕಾಲಿನ ಹಾಗೆ ಅವು. ಕೈಕಾಲನ್ನು ಯಾರಾದರೂ ಬಾಗಿಲಲ್ಲಿ ತಡೆದು ಕೇಳುತ್ತಾರೆಯೇ?

ಹೊಸ ಮನೆಯಲ್ಲಿ ಎರಡು ಕಡೆ ಕಿಟಕಿ, ಬೆಳಗ್ಗೆ ಅಡುಗೆಮನೆಯ ತನಕ ಬಿಸಿಲು. ಹೊಸ ಹಾಸಿಗೆಯ ಮೇಲೆ ಪಿಟೀಲು ಸದ್ದಿಲ್ಲದೆ ಮಲಗಿದಳು. ಬೀದಿಯವರಿಗೆ ಹೊಲಿಗೆಯ ಬೋರ್ಡು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಇಸ್ತ್ರಿಗೆ ಕೆಲಸವೂ ಇರಲಿಲ್ಲ. ಟೈಲರಮ್ಮ ಕಿಟಕಿ ಒರೆಸಿದಳು, ಪರದೆ ಹೊಲಿದಳು, ತನ್ನ ಮೂಗನ್ನು ತಾನೇ ಮೆಚ್ಚಿಕೊಂಡಳು. "ಮುಗ್ಗಲು ವಾಸನೆ ನನ್ನ ಮೂಗಿನಿಂದ ತಪ್ಪಿಸ್ಕೊಂಡ್ರೆ ಕೇಳಿ," ಎಂದು ಗಂಡನಿಗೆ ಹೇಳಿದಳು.

ಅಷ್ಟರಲ್ಲಿ ಒಂದು ಶಾಲೆಯ ಸಮವಸ್ತ್ರದ ಆರ್ಡರು ಬಂತು. ರಾಶಿ ರಾಶಿ ಅಂಗಿ, ರಾಶಿ ರಾಶಿ ಲಂಗ. ಕಾಲರಿಗೆ ನೀರು ಚಿಮುಕಿಸಿ ಒತ್ತಬೇಕು, ನೆರಿಗೆಗೆ ಒದ್ದೆ ಬಟ್ಟೆ ಹಾಸಿ ಒತ್ತಬೇಕು. ಇಸ್ತ್ರಿ ಪೆಟ್ಟಿಗೆ ದಿನವಿಡೀ ಬುಸುಗುಟ್ಟಿತು. ಆ ವಾರವೇ ಪಿಟೀಲಿನ ಎದೆಯಲ್ಲಿ ಮತ್ತೆ ಶ್ರುತಿ ಹಿಡಿಯಿತು.

ಟೈಲರಮ್ಮ ಧೃತಿಗೆಡಲಿಲ್ಲ. ಹೊಲಿಗೆ ತಪ್ಪಿದರೆ ಬಟ್ಟೆಯನ್ನು ಬೈದು ಫಲವಿಲ್ಲ, ತಪ್ಪಿದ ಜಾಗ ಹುಡುಕಿ ಅಲ್ಲಿಂದ ಬಿಚ್ಚಬೇಕು. ಮನೆಯವರನ್ನೆಲ್ಲ ನಡುಮನೆಯಲ್ಲಿ ಸೇರಿಸಿದಳು.

"ಯಾರೋ ಏನೋ ಕದ್ದು ತಂದಿದೀರ. ಯಾರು ಅಂತ ಕೇಳಲ್ಲ. ಎಲ್ಲಿದೆ ಅಂತ ಹೇಳಿ, ಸಾಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ ಗಂಡನ ಕಣ್ಣು ಸರ್ರನೆ ಅಟ್ಟದ ಕಡೆ ಹೋಯಿತು. ಅಟ್ಟದ ಮೂಲೆಯಲ್ಲಿ ಹಳೆಯ ಲಿಫ್ಟುಗಳ ಚಿತ್ರಪುಸ್ತಕಗಳ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ತಳ ಮೆತ್ತಗಾಗಿ ಬೂದು ಬಣ್ಣಕ್ಕೆ ತಿರುಗಿತ್ತು.

"ರೀ, ಈ ಲಿಫ್ಟುಗಳು ಈಗ ಎಲ್ಲೂ ಇಲ್ಲ ಅಂತ ನೀವೇ ಹೇಳಿದ್ರಿ."

"ಎಲ್ಲೂ ಇಲ್ಲ ಅಂತಲೇ ಇಟ್ಕೊಂಡಿದ್ದು ಕಣೇ," ಎಂದು ಆತ ತಲೆ ಕೆರೆದುಕೊಂಡ.

ಅತ್ತೆ ಮಗನನ್ನು ನೋಡಿ ತುಟಿ ಕೊಂಕಿಸಿದರು. ಆ ನಗೆ ಬಹಳ ಹೊತ್ತು ಬಾಳಲಿಲ್ಲ. ಅವತ್ತೇ ಅಡುಗೆಗೆ ಅಕ್ಕಿ ಮುಗಿಯಿತು. ಸೊಸೆ ದೊಡ್ಡ ಡಬ್ಬದ ಮುಚ್ಚಳ ತೆಗೆದಳು. ಒಳಗೆ ಅಕ್ಕಿಯ ಒಂದು ಕಾಳೂ ಇರಲಿಲ್ಲ. ಹತ್ತಿಯ ಹಳೆ ದಿಂಬು ಮುದುರಿಕೊಂಡು ಕೂತಿತ್ತು.

"ಅತ್ತೆ, ಇದೇನು?"

"ದಿಂಬು."

"ಅದು ಕಾಣ್ತಿದೆ. ಅಕ್ಕಿ ಎಲ್ಲಿ?"

"ಅಕ್ಕಿ ಅಂಗಡೀಲಿ ಸಿಗತ್ತೆ. ಈ ದಿಂಬು ಸಿಗತ್ತಾ? ನನ್ನ ಕತ್ತಿನ ಅಳತೆಗೆ ತಗ್ಗಿ ತಗ್ಗಿ ಹದವಾಗಿದೆ ಇದು. ನೀನು ಟೈಲರು, ಅಳತೆಯ ಬೆಲೆ ನಿನಗೆ ಗೊತ್ತಿರಬೇಕಿತ್ತು."

ಟೈಲರಮ್ಮನಿಗೆ ನಗುವೂ ಬಂತು, ಮರುಕವೂ ಬಂತು. ಟೇಪು ತೆಗೆದು ದಿಂಬಿನ ಉದ್ದ, ಅಗಲ, ನಡುವಿನ ತಗ್ಗು ಎಲ್ಲ ಅಳೆದಳು. "ಇದೇ ಅಳತೆಗೆ ಹೊಸದು ಹೊಲಿದು ಕೊಡ್ತೀನಿ. ಇದು ಹೋಗಲಿ ಅತ್ತೆ. ಮಗು ಉಸಿರು ನೋಡಿ."

ಅತ್ತೆ ಮೊಮ್ಮಗಳ ಕಡೆ ಒಮ್ಮೆ ನೋಡಿ, ದಿಂಬನ್ನು ತಾವೇ ಚೀಲಕ್ಕೆ ತುರುಕಿ ಬಾಯಿ ಕಟ್ಟಿದರು. "ಹೊಸದರ ಸುತ್ತ ನೆರಿಗೆಯ ಜಾಲರಿ ಇಡು. ನಿನಗೆ ದಂಡ ಅಂತ ಇರಲಿ," ಎಂದರು.

ಪುಸ್ತಕ ಹೋಯಿತು, ದಿಂಬು ಹೋಯಿತು. ಕೆಮ್ಮು ಮಾತ್ರ ಹೋಗಲಿಲ್ಲ.

ಡಾಕ್ಟರು ಎದೆಗೆ ಕೊಳವೆ ಇಟ್ಟು ಆಲಿಸಿದರು, ಊದುವ ಮೀಟರಿನಲ್ಲಿ ಊದಿಸಿದರು. ಮುಳ್ಳು ಅರ್ಧಕ್ಕೆ ಹೋಗಿ ಸೋತು ನಿಂತಿತು. "ಹೀಗೇ ಇದ್ರೆ ಮದ್ದಿನ ಪ್ರಮಾಣ ಹೆಚ್ಚಿಸಬೇಕಾಗತ್ತಮ್ಮ. ಅದಕ್ಕೆ ಮೊದಲು ಒಂದು ಹೇಳಿ. ಕೆಮ್ಮು ಯಾವ ಹೊತ್ತಲ್ಲಿ ಬರತ್ತೆ?"

"ಸಂಜೆ. ಸ್ಕೂಲಿಂದ ಬಂದ ಮೇಲೆ."

"ರಾತ್ರಿ?"

"ಮಲಗಿದ ಮೇಲೆ ತಾನೇ ಇಳಿಯತ್ತೆ."

"ಹಾಗಿದ್ರೆ ಹಾಸಿಗೇದು ತಪ್ಪಿಲ್ಲ. ಸಂಜೆ ಹೊತ್ತು ಇವಳು ಎಲ್ಲಿ ಕೂರ್ತಾಳೆ ನೋಡಿ."

ನೋಡುವುದೇನು ಬಂತು? ಸಂಜೆ ಪಿಟೀಲು ಕೂರುವುದು ಇಸ್ತ್ರಿ ಮೇಜಿನ ಕೆಳಗೆ. ಹಳೆ ಮನೆಯಲ್ಲೂ ಅಲ್ಲೇ, ಹೊಸ ಮನೆಯಲ್ಲೂ ಅಲ್ಲೇ. ಮೇಲಿನ ಹೊದಿಕೆ ನಾಲ್ಕೂ ಕಡೆ ಇಳಿಬಿದ್ದು ಅದು ಅವಳ ಪುಟ್ಟ ಮನೆ. ಒಳಗೆ ಪುಸ್ತಕ, ಬಣ್ಣದ ಪೆನ್ಸಿಲು, ಅಮ್ಮನ ಪಾದ. ಅಮ್ಮ ಹತ್ತಿರವೇ ಇದ್ದಾಳೆ ಎಂಬುದಕ್ಕೆ ಆ ಪಾದವೇ ಸಾಕ್ಷಿ.

ಟೈಲರಮ್ಮ ಕೆಳಗಿನ ನೆಲ ತಿಕ್ಕಿದಳು. ಗೋಡೆಗೆ ಅಂಗೈ ಒತ್ತಿ ನೋಡಿದಳು. ಕಾಗದದ ಹಾಗೆ ಒಣಗಿತ್ತು. ಮೂಸಿ ನೋಡಿದಳು. ಬಿಸಿ ಬಟ್ಟೆಯ ವಾಸನೆ, ಆವಿಯ ವಾಸನೆ. ಇಸ್ತ್ರಿ ಮಾಡುವವಳಿಗೆ ಅದು ವಾಸನೆಯೇ ಅಲ್ಲ, ಗಾಳಿ.

ಮರುದಿನ ಕರೆಂಟು ಹೋಯಿತು. ಮಧ್ಯಾಹ್ನವೆಲ್ಲ ಟೈಲರಮ್ಮ ಕಿಟಕಿಯ ಬಳಿ ಕೂತು ಗುಂಡಿ ಹಾಕಿದಳು. ಪಿಟೀಲು ಶಾಲೆಯಿಂದ ಬಂದು ಮೇಜಿನ ಕೆಳಗೆ ನುಗ್ಗಿ ಗಟ್ಟಿಯಾಗಿ ಪಾಠ ಓದತೊಡಗಿದಳು. ಒಂದು ಪುಟ, ಇನ್ನೊಂದು ಪುಟ, ಎಲ್ಲೂ ಕೆಮ್ಮಿನ ಸುಳಿವಿಲ್ಲ. ತಾಯಿಯ ಕೈಯ ಸೂಜಿ ನಿಧಾನವಾಯಿತು. ಕರೆಂಟು ಬಂತು. ಇಸ್ತ್ರಿ ಕಾಯಿತು. ಒದ್ದೆ ಬಟ್ಟೆ ಹಾಸಿ ಒಂದು ಲಂಗದ ನೆರಿಗೆ ಒತ್ತಿದಳು, ಮತ್ತೊಂದು ಒತ್ತಿದಳು. ಆವಿ ಬುಸ್ಸೆಂದು ಎದ್ದಿತು. ಕೆಳಗೆ ಪಾಠ ನಡುವಿನಲ್ಲೇ ತುಂಡಾಗಿ, ಕೆಮ್ಮು ಶುರುವಾಯಿತು.

ಟೈಲರಮ್ಮ ಇಸ್ತ್ರಿಯ ಸ್ವಿಚ್ಚು ಆರಿಸಿದಳು. ಕಿಟಕಿಗಳನ್ನೆಲ್ಲ ತೆರೆದು, ಮಗಳಿಗೆ ಇನ್ಹೇಲರ್ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ಅಜ್ಜಿಯ ಜೊತೆ ಕೋಣೆಯೊಳಗೆ ಕಳಿಸಿ ಬಾಗಿಲು ಹಾಕಿದಳು. ಮಾಸ್ಕು ಕಟ್ಟಿಕೊಂಡು ಮೇಜಿನ ಹೊದಿಕೆ ತೆಗೆದಳು. ಅದು ವಾರ ವಾರ ಒಗೆದದ್ದು, ಬೆಳ್ಳಗಿತ್ತು. ಅದರ ಕೆಳಗೆ ಮೇಷ್ಟ್ರ ಕಂಬಳಿ.

ಅವಳಿಗೆ ಹೊಲಿಗೆ ಕಲಿಸಿದ ಮೇಷ್ಟ್ರು ಕೊಟ್ಟದ್ದು ಅದು. ಕಲಿಯಲು ಹೋದ ಶುರುವಿನಲ್ಲಿ ಅವಳು ಇಸ್ತ್ರಿಯನ್ನು ಅದರ ಮೇಲೆ ಮರೆತು ದೋಣಿಯಾಕಾರದ ಕಲೆ ಸುಟ್ಟಿದ್ದಳು. ಮೇಷ್ಟ್ರು ಬೈದಿರಲಿಲ್ಲ. ಕಲಿತು ಹೊರಟ ದಿನ ಅದನ್ನೇ ಮಡಚಿ ಕೈಗಿಟ್ಟು, "ಇದು ನಿನ್ನ ಸರ್ಟಿಫಿಕೇಟು. ದಿನಾ ನೋಡು, ಇಸ್ತ್ರಿ ಮರೆಯಲ್ಲ," ಎಂದಿದ್ದರು. ಮಡಿಕೆ ಜಾರದಂತೆ ಅವಳು ಅಂಚಿಗೆಲ್ಲ ದಪ್ಪ ದಾರದ ಟಾಕಾ ಹಾಕಿ ಹಲಗೆಗೆ ಬಿಗಿದಿದ್ದಳು. ಆಮೇಲೆ ಬಿಚ್ಚಿಯೇ ಇರಲಿಲ್ಲ. ಹಳೆ ಮನೆಯಲ್ಲಿ ಆ ಮೇಜು ಇದ್ದದ್ದು ಬೀರುವಿನ ಪಕ್ಕದಲ್ಲೇ, ಅದೇ ಗೋಡೆಗೆ ಒರಗಿ.

ಟಾಕಾ ಕತ್ತರಿಸಿ ಮಡಿಕೆಯನ್ನು ಒಂದಿಷ್ಟೇ ಎತ್ತಿದಳು. ಮೇಲೆ ಸುಟ್ಟ ದೋಣಿ ಹಾಗೇ ಇತ್ತು. ಮಡಿಕೆಯ ಹೊಟ್ಟೆಯಲ್ಲಿ ಬೂದು, ಹಸಿರು, ಕಪ್ಪು ಚುಕ್ಕೆಗಳು ಒಂದನ್ನೊಂದು ಮುಟ್ಟಿಕೊಂಡು ಹಬ್ಬಿದ್ದವು. ಹಲಗೆಯ ಸಂದಿನಿಂದ ಕೆಳಗೆ ಮಗಳ ಬಣ್ಣದ ಪೆನ್ಸಿಲುಗಳು ಕಾಣುತ್ತಿದ್ದವು. ತಾನೇ ದಿನಾ ನೀರು ಚಿಮುಕಿಸಿ, ಬೆಚ್ಚಗೆ ಆವಿ ಕೊಟ್ಟು, ಸಸಿ ಸಾಕಿದ ಹಾಗೆ ಅದನ್ನು ಸಾಕಿದ್ದಾಳೆ.

ಮಡಿಕೆಯನ್ನು ಹಾಗೇ ಮುಚ್ಚಿ ಒಂದು ಗಳಿಗೆ ಕಂಬಳಿಯ ಮೇಲೆ ಕೈಯಿಟ್ಟು ನಿಂತಳು. ಕುದಿಯುವ ನೀರಲ್ಲಿ ಹಾಕಿದರೆ? ಎರಡು ದಿನ ಬಿಸಿಲಿಗೆ ಹರವಿದರೆ? ಉಣ್ಣೆ ಮೊಂಡುತನ ಮಾಡೀತು, ಆದರೂ...

ಬಾಗಿಲ ಸಂದಿನಿಂದ ಪಿಟೀಲಿನ ದನಿ ಬಂತು. "ಅಮ್ಮಾ, ಕಂಬಳಿಗೂ ಹೊಟ್ಟೆ ಇರತ್ತಾ?"

"ಮಡಚಿಟ್ರೆ ಇರತ್ತೆ ಪುಟ್ಟಾ."

"ಹಾಗಿದ್ರೆ ಆನೆ ಥರ ಕೂರಿಸಿ ಕಳಿಸು. ಎಸೀಬೇಡ."

ಅಲ್ಲಿಗೆ ಕುದಿಯುವ ನೀರಿನ ಮಾತು ಮುಗಿಯಿತು. ಉಳಿದ ಟಾಕಾ ಕತ್ತರಿಸಿ, ಕಂಬಳಿಯನ್ನು ಕೊಡವದೆ, ಎಳೆದಾಡದೆ, ಮೆಲ್ಲನೆ ಚೀಲಕ್ಕಿಳಿಸಿ ಗಂಟು ಬಿಗಿದಳು. ಹಿಂದಿನ ಮೆಟ್ಟಿಲಿಳಿದು ಕಸದ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಅದನ್ನು ನಿಜಕ್ಕೂ ಕೂರಿಸಿ ಬಂದಳು.

ಬರುವಷ್ಟರಲ್ಲಿ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಕೈಯಲ್ಲಿ ಸೋಪಿನ ನೀರಿನ ಬಟ್ಟೆ.

"ನಿಲ್ಲಮ್ಮ, ಜಡ್ಜಮ್ಮ. ತನ್ನೆಲೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದೆಲೆಯ ನೊಣ ತೋರಿಸಿದ್ರಂತೆ ಯಾರೋ. ಕೈ ಚಾಚು."

ಟೈಲರಮ್ಮ ಎರಡೂ ಕೈ ಚಾಚಿದಳು. ಅತ್ತೆ ಬೆರಳು ಬೆರಳು ಬಿಡಿಸಿ ಒರೆಸಿದರು. ಒರೆಸುತ್ತ ಒರೆಸುತ್ತ ದನಿ ತಗ್ಗಿತು. "ಆ ಸುಟ್ಟ ಜಾಗ ಒಂದು ಚೂರು ಕತ್ತರಿಸಿ ಇಟ್ಕೋಬಹುದಿತ್ತೇನೋ."

"ಬೇಡ ಅತ್ತೆ. ಇಸ್ತ್ರಿ ಆರಿಸೋದು ಕಲ್ತಿದೀನಿ."

"ಆರಿಸಿದೀಯಾ ಈಗ?"

"ಅದೇ ಮೊದಲು ಆರಿಸಿದ್ದು!"

ಇಬ್ಬರೂ ಬಾಗಿಲಲ್ಲೇ ನಿಂತು ನಕ್ಕರು.

ಮೇಜನ್ನು ಸೋಪು ಹಾಕಿ ತಿಕ್ಕಿ, ಹಲಗೆಯ ಸಂದುಸಂದನ್ನೂ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ಬಿಸಿಲಿನಲ್ಲಿ ನಿಲ್ಲಿಸಿದ್ದಾಯಿತು. ಶಾಲೆಯವರಿಗೆ ಸಮವಸ್ತ್ರ ತಡವಾಗುತ್ತದೆಂದು ಹೇಳಿ ಕಳಿಸಿದಳು. ಅವರು ಗೊಣಗಿದರು, ಗೊಣಗಿಕೊಳ್ಳಲಿ. ಹೊಸ ಹಾಸು ಬಂದ ಮೇಲೆ ಅವಳು ಅದಕ್ಕೆ ಟಾಕಾ ಹಾಕಲಿಲ್ಲ. ನಾಲ್ಕು ಮೂಲೆಗೆ ಲಾಡಿ ಕಟ್ಟಿದಳು. ಕೆಲಸ ಮುಗಿದ ಮೇಲೆ ಬಿಚ್ಚಿ ಹಗ್ಗಕ್ಕೆ ಹಾಕುವ ಜವಾಬ್ದಾರಿ ಗಂಡನಿಗೆ. ಲಿಫ್ಟಿನ ಪುಸ್ತಕದ ದಂಡ ಅದು.

ಮುಂದಿನ ಸಲ ಹೋದಾಗ ಪಿಟೀಲು ಕೆನ್ನೆಯುಬ್ಬಿಸಿ ಊದಿದ ರಭಸಕ್ಕೆ ಮೀಟರಿನ ಮುಳ್ಳು ಅರ್ಧ ದಾಟಿ ಓಡಿತು. "ಇದೇ ಮದ್ದು ಮುಂದುವರಿಸಿ, ಹೆಚ್ಚಿಸೋದು ಬೇಡ. ಹೀಗೇ ಇದ್ರೆ ನಿಧಾನಕ್ಕೆ ಇಳಿಸೋಣ," ಎಂದರು ಡಾಕ್ಟರು.

ಒಂದು ಸಂಜೆ ಟೈಲರಮ್ಮ ಅತ್ತೆಯ ದಿಂಬಿಗೆ ಜಾಲರಿ ಇಡುತ್ತಿದ್ದಳು. ದಿಂಬಿಗೆ ಒಗೆಯುವ ಗವುಸು, ಗವುಸಿಗೆ ಮೂರು ಸುತ್ತು ಜಾಲರಿ. ದಂಡ ಕಟ್ಟುವುದೇ ಆದರೆ ಧಾರಾಳವಾಗಿ ಕಟ್ಟಬೇಕು. ಜಾಲರಿಯ ಕೊನೆಯ ತಿರುವಿನಲ್ಲಿ ಮೆಷಿನ್ ನಿಲ್ಲಿಸಿದಳು. ಅಭ್ಯಾಸಬಲದಿಂದ ಕಿವಿ ಮೇಜಿನ ಕಡೆ ತಿರುಗಿತು. ಮಗಳು ಎಲ್ಲಿದ್ದಾಳೆಂದು ತಿಳಿಯಲು ಇಷ್ಟು ದಿನ ಕಣ್ಣು ಬೇಕಿರಲಿಲ್ಲ, ಎದೆಯ ಸದ್ದೇ ಹೇಳುತ್ತಿತ್ತು. ಈಗ ಏನೂ ಕೇಳಲಿಲ್ಲ. ಕೆಮ್ಮಿಲ್ಲ, ಸುಂಯ್ ಇಲ್ಲ, ಏನೂ ಇಲ್ಲ.

ದಡಬಡನೆ ಎದ್ದು ಹೋಗಿ ಮೇಜಿನ ಹೊದಿಕೆ ಎತ್ತಿದಳು.

ಪಿಟೀಲು ಪುಸ್ತಕದಿಂದ ತಲೆಯೆತ್ತಿದಳು. "ಏನಮ್ಮಾ?"

"ಏನಿಲ್ಲ. ಇದೀಯೋ ಇಲ್ವೋ ಅಂತ ನೋಡ್ದೆ."

"ಇದೀನಿ. ಪರದೆ ಬಿಡು, ಕಥೆ ಚೆನ್ನಾಗಿದೆ."

ಟೈಲರಮ್ಮ ಹೊದಿಕೆ ಬಿಟ್ಟು ಮೆಷಿನ್ನಿನ ಮುಂದೆ ಕೂತಳು. ಆದರೆ ತಕ್ಷಣ ತುಳಿಯಲಿಲ್ಲ. ಆ ಸದ್ದಿಲ್ಲದ ಉಸಿರನ್ನು ಇನ್ನೂ ಸ್ವಲ್ಪ ಹೊತ್ತು ಕೇಳುವುದಿತ್ತು.