ಕಡಿಮೆ ಅರೆದ ಕಪ್ಪು

"ಸಾಕು, ನಿಲ್ಲಿಸಿ ಮಾವ!"

ಅರೆಯುವ ಯಂತ್ರದ ಗದ್ದಲದಲ್ಲಿ ಸೊಸೆಯ ಕೂಗು ಮಾವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿಸದಂತಿದ್ದರೋ, ದೇವರೇ ಬಲ್ಲ. ಅವಳೇ ಹೋಗಿ ಸ್ವಿಚ್ ಆರಿಸಿದಳು. ಸಿಲಿಂಡರಿನೊಳಗಿನ ಉಕ್ಕಿನ ಗುಂಡುಗಳು ಗಡಗಡ ಉರುಳಿ ಸುಮ್ಮನಾದವು. ಮದುವೆಯಾಗಿ ಬಂದ ಮೇಲೆ ಮಾವನ ಯಂತ್ರಕ್ಕೆ ಅವಳು ಕೈ ಹಾಕಿದ್ದು ಇದೇ ಮೊದಲು.

"ಇನ್ನೂ ಅರ್ಧಾನೂ ಆಗಿಲ್ಲ, ತರಿತರಿ ಇದೆ!" ಎಂದು ಮಾವ ಚಿಟಿಕೆ ಕಪ್ಪು ಪುಡಿ ತೆಗೆದು, ಬೆರಳಲ್ಲಿ ಉಜ್ಜಿ, ನಾಲಿಗೆಯ ತುದಿಗೆ ಹಚ್ಚಿಕೊಂಡರು. ಆ ಪುಟ್ಟ ಕಾರ್ಖಾನೆಯಲ್ಲಿ ಅದೇ ಪರೀಕ್ಷೆ, ಅದೇ ತೀರ್ಪು.

ಎಣ್ಣೆ ಸುಟ್ಟ ಹೊಗೆಯಿಂದ ಬರುವ ಈ ಇಂಗಾಲದ ಪುಡಿ ಬಣ್ಣಕ್ಕಾದರೆ ನುಣ್ಣಗಿದ್ದಷ್ಟೂ ಚೆನ್ನ. ಬಣ್ಣ ಮಾಡುತ್ತಲೇ ಮಾವ ಕೂದಲು ನರೆಸಿಕೊಂಡವರು. ಈಗ ಬಂದಿದ್ದು ಬೇರೆ ಕೆಲಸ: ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಗೆ ರಬ್ಬರ್ ಹಾಸು. ನಡೆದಾಡುವವರ ಮೈಯಲ್ಲಿ ಸೇರುವ ವಿದ್ಯುತ್ತು ಕಿಡಿ ಹಾರಿಸದಂತೆ ಹಾಸಿನೊಳಗಿನ ಕಪ್ಪು ಅದನ್ನು ಮೆಲ್ಲಗೆ ನೆಲಕ್ಕೆ ದಾಟಿಸಬೇಕು. ಇವರ ಹಾಸು ದಾಟಿಸುತ್ತಿರಲಿಲ್ಲ. ಎರಡು ಸಲ ಕಳಿಸಿದ ತುಂಡುಗಳು ವಾಪಸು ಬಂದಿದ್ದವು. ಈ ಸಲವೂ ಹಾಗಾದರೆ ಕಾರ್ಖಾನೆಗೆ ಬೀಗ ಎಂದು ಗಂಡ ಹೇಳಿಯಾಗಿತ್ತು.

ಸೊಸೆಗೂ ಬುದ್ಧಿ ಬಂದದ್ದು ತಡವಾಗಿಯೇ. "ಇನ್ನಷ್ಟು ಅರೀರಿ ಮಾವ" ಎಂದು ಎರಡು ಸಲವೂ ಹೇಳಿದ್ದವಳು ಅವಳೇ. ನಿನ್ನೆ ಮಾತ್ರ ಯಾಕೋ ಅನುಮಾನ ಬಂದು, ಅರೆದ ಪುಡಿ, ಅರೆಯದ ಪುಡಿ ಎರಡನ್ನೂ ಗಾಜಿನ ಕೊಳವೆಯಲ್ಲಿ ಒತ್ತಿ ಮೀಟರ್ ಹಿಡಿದಿದ್ದಳು. ಅರೆದಷ್ಟೂ ವಿದ್ಯುತ್ ಹರಿಯುವುದು ಕಡಿಮೆ!

"ಈ ಕಣಗಳು ಕೈ ಕೈ ಹಿಡ್ಕೊಂಡು ಸಾಲಾಗಿರ್ತವೆ ಮಾವ. ಕರೆಂಟು ಓಡೋದು ಆ ಸಾಲಿನ ಮೇಲೇನೇ. ನಾವು ಅರೆದೂ ಅರೆದೂ ಕೈ ಬಿಡಿಸ್ತಾ ಇದೀವಿ."

"ಅಂದ್ರೆ ನಾನು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ?"

"ಬಣ್ಣಕ್ಕೆ ನೀವೇ ಸರಿ. ಇದಕ್ಕೆ ಮಾತ್ರ ಅತಿಯಾದ್ರೆ ಅಮೃತಾನೂ ವಿಷ."

ಮಾವ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಹುಬ್ಬು ಗಂಟಿಕ್ಕಿ ನಿಂತರು. ಅವರ ಮನಸ್ಸು ನೋಯಿಸಿದೆನೆಂದು ಅವಳಿಗೆ ಸಂಕಟವಾಯಿತು. ಆದರೆ ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ. ಕೊನೆಗೆ ಅವರೇ ಸಿಲಿಂಡರಿನ ಮುಚ್ಚಳ ಬಿಚ್ಚಿದರು.

"ತಗೊಂಡು ಹೋಗು. ಕೆಟ್ರೆ ನನ್ನ ಹೆಸರು ಹೇಳ್ಬೇಡ."

"ಗೆದ್ರೆ ಹೇಳ್ತೀನಿ," ಎಂದಳು ಸೊಸೆ.

ಆ ಪುಡಿಯನ್ನೇ ರಬ್ಬರಿಗೆ ಬೆರೆಸಿ ಹಾಸು ತಯಾರಾಯಿತು. ಆಸ್ಪತ್ರೆಯ ಪರೀಕ್ಷಕ ಬಂದ ದಿನ ಗಂಡ ಛಾವಣಿ ನೋಡುತ್ತ ನಿಂತಿದ್ದ. ಬಣ್ಣಕ್ಕೆ ಕಪ್ಪು ಅರೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದ ಮಾವ ಬಾಗಿಲಿಗೊರಗಿದ್ದರು. ಪರೀಕ್ಷಕ ಹಾಸಿನ ಮೇಲೆ ಎರಡು ಹಿತ್ತಾಳೆಯ ತೂಕಗಳನ್ನಿಟ್ಟು ತಂತಿ ಸಿಕ್ಕಿಸಿದ. ಮೀಟರಿನ ಮುಳ್ಳು ಅಲುಗಿತು, ಏರಿತು, ಹಸಿರು ಗೆರೆಗಳ ನಡುವೆ ಬಂದು ನಿಂತಿತು. ತೂಕಗಳನ್ನು ಮೂಲೆ ಮೂಲೆಗೂ ಸರಿಸಿ ನೋಡಿದ. ಮುಳ್ಳು ಕದಲಲಿಲ್ಲ.

"ಪಾಸು! ಎಲ್ಲಾ ಕಡೆ ಒಂದೇ ಸಮ ಇದೆಯಲ್ರೀ. ಹೇಗೆ ಮಾಡಿದ್ರಿ?"

"ಸೋಮಾರಿತನದಿಂದ ಸ್ವಾಮಿ!" ಎಂದು ಮಾವ ಘೊಳ್ಳನೆ ನಕ್ಕರು. "ನಮ್ಮ ಸೊಸೆ ಹೇಳ್ಕೊಟ್ಟ ವಿದ್ಯೆ."

"ನಾನು ಮೊದ್ಲೇ ಅಂದಿರ್ಲಿಲ್ವಾ, ಆಗತ್ತೆ ಅಂತ?" ಎಂದ ಗಂಡ. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ.

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗೆದ್ದೆವು ಎಂದು ಕೂಗಬೇಕೆನಿಸಿತು, ಕೂಗಿಯೂಬಿಟ್ಟಳು. ಪರೀಕ್ಷಕ ಬೇಡ ಬೇಡವೆಂದರೂ ಬಿಡದೆ ಮಾವ ಅವನನ್ನು ಬಾಚಿ ತಬ್ಬಿಕೊಂಡರು.

ಮೂವರೂ ಬಾಗಿಲಿಗೆ ಬಂದು ಅವನನ್ನು ಬೀಳ್ಕೊಟ್ಟರು. ಬಿಸಿಲಿನ ಬೀದಿಯಲ್ಲಿ ಅವನು ಚೀಲ ಬೀಸುತ್ತ ನಡೆದು ಹೋದ. ಬಿಳಿಯ ಅಂಗಿಯ ಬೆನ್ನ ಮೇಲೆ ಎರಡು ಕರಿಯ ಹಸ್ತಗಳು, ಹತ್ತು ಬೆರಳೂ ಸ್ಪಷ್ಟವಾಗಿ, ತಿರುವಿನವರೆಗೂ ಕಾಣುತ್ತಿದ್ದವು.